ಕಾಕಾನ ರೇಡಿಯೋದ ಗೊರಗೊರ ನಿಂತಿತು: ಲಿಥಿಯಂ ಸೆಲ್ಲಾ, ನಿಕಲ್ ಸೆಲ್ಲಾ?

ಕೊನೆಗೂ ಕಾಕಾನ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಚೊಕ್ಕವಾಗಿ ಕೇಳಿಸಿತು! ಮೀಡಿಯಂ ವೇವ್‌ನ 765 ಕಿಲೋಹರ್ಟ್ಜ್, ಬಾಗಲಕೋಟೆಯ ನವನಗರದಲ್ಲಿ, ಹಗಲು ಹೊತ್ತಲ್ಲೇ. ಸೆಟ್ ಬಿಚ್ಚಿದ್ದು, ವಾಲ್ಯೂಮ್ ಕಂಟ್ರೋಲ್ ತೊಳೆದದ್ದು, ಸ್ಪೀಕರ್ ಬದಲಿಸಿದ್ದು ನಿಮಗೆಲ್ಲ ಗೊತ್ತಿರುವ ಕೆಲಸವೇ. ತಲೆ ತಿಂದದ್ದು ಸೆಲ್ಲು.

ಎರಡು ಡಬಲ್ ಎ ಸೆಲ್ಲಿನ ಸೆಟ್ ಇದು. ಕಾಕಾ ಹೊಲದಲ್ಲಿ ದಿನವಿಡೀ ರೇಡಿಯೋ ಹಚ್ಚಿಟ್ಟುಕೊಂಡೇ ಇರುತ್ತಾರೆ, ಹಾಗಾಗಿ ಚಾರ್ಜ್ ಆಗುವ ಸೆಲ್ಲೇ ಬೇಕು. ಮೊದಲು ಹಾಕಿದ್ದು ಯುಎಸ್‌ಬಿ ವೈರ್‌ನಿಂದ ಚಾರ್ಜ್ ಆಗುವ 1.5 ವೋಲ್ಟ್ ಲಿಥಿಯಂ. ಎಫ್‌ಎಂನಲ್ಲಿ ಏನೂ ತೊಂದರೆ ಇಲ್ಲ. ಮೀಡಿಯಂ ವೇವ್‌ಗೆ ತಿರುಗಿಸಿದರೆ ಬ್ಯಾಂಡ್ ತುಂಬ ಗೊರಗೊರ. ಕಾಕಾ ಕಿವಿಗೆ ಹಿಡಿದು, "ತಮ್ಮಾ, ಇದರಾಗ ಜೇನಹುಳ ಹೊಕ್ಕಾವೇನೋ?" ಅಂದರು.

ಆ ಸೆಲ್ಲಿನ ಒಳಗಿರುವುದು 3.7 ವೋಲ್ಟ್ ಲಿಥಿಯಂ. ಅದನ್ನು 1.5ಕ್ಕೆ ಇಳಿಸಲು ಸೆಲ್ಲಿನ ತಲೆಯಲ್ಲೇ ಒಂದು ಪುಟ್ಟ ಬಕ್ ಕನ್ವರ್ಟರ್, ಅಂದರೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್, ಕೂತಿದೆ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತೆ. ರೇಡಿಯೋ ಎಳೆಯುವ ಕರೆಂಟ್ ಕಡಿಮೆ ಇದ್ದಾಗ ಬಿಟ್ಟು ಬಿಟ್ಟು ಕೆಲಸ ಮಾಡುತ್ತೆ, ಆಗ ಗಲಾಟೆ ಬ್ಯಾಂಡಿನ ಉದ್ದಕ್ಕೂ ಹರಡುತ್ತೆ. ವಾಲ್ಯೂಮ್ ಏರಿಸಿ ಕರೆಂಟ್ ಹೆಚ್ಚಿದಂತೆ ಗೊರಗೊರದ ಶ್ರುತಿಯೇ ಬದಲಾಗುತ್ತಿತ್ತು. ಸಂಶಯ ಖಚಿತವಾದದ್ದು ಅಲ್ಲೇ.

ಸೆಲ್ಲಿಗೆ ಅಡ್ಡಲಾಗಿ 470 ಮೈಕ್ರೋಫ್ಯಾರಡ್ ಕೆಪಾಸಿಟರ್, ಪಕ್ಕದಲ್ಲಿ ಒಂದು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿದೆ. ಸ್ವಲ್ಪ ಇಳಿಯಿತು, ಹೋಗಲಿಲ್ಲ. ವೈರನ್ನು ಗಲಾಟೆ ತಡೆಯುವ ಫೆರೈಟ್ ರಿಂಗ್‌ಗೆ ಸುತ್ತಿದೆ, ಆಗಲೂ ಅಷ್ಟೇ. ಸೆಲ್ ಡಬ್ಬಿಯನ್ನೇ ಹೊರಗೆ ತಂದು ಉದ್ದ ವೈರ್ ಕೊಟ್ಟೆ. ಆ ವೈರೇ ಆಂಟೆನಾ ಆಗಿ ಇನ್ನೂ ಜಾಸ್ತಿಯಾಯಿತು! ಮೀಡಿಯಂ ವೇವ್‌ನ ಆಂಟೆನಾ ಆಗಿರುವ ಒಳಗಿನ ಫೆರೈಟ್ ರಾಡ್ ಸೆಲ್ ಗೂಡಿನಿಂದ ಒಂದು ಬೆರಳು ದೂರದಲ್ಲಿದೆ. ಅಷ್ಟು ಹತ್ತಿರ ಗಲಾಟೆ ಇಟ್ಟುಕೊಂಡು ಯಾವ ಕೆಪಾಸಿಟರ್ ತಾನೇ ಏನು ಮಾಡುತ್ತೆ?

ಕೊನೆಗೆ ಲೋ ಸೆಲ್ಫ್ ಡಿಸ್ಚಾರ್ಜ್ (ಸುಮ್ಮನೆ ಇಟ್ಟರೂ ಬೇಗ ಚಾರ್ಜ್ ಇಳಿಯದ) ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದೆ. ಒಳಗೆ ಸರ್ಕ್ಯೂಟೇ ಇಲ್ಲ. ಗೊರಗೊರ ಪೂರ್ತಿ ಬಂದ್. ಎರಡೂ ಸೇರಿ 2.4 ವೋಲ್ಟೇ ಆದರೂ ಸೆಟ್ ಆರಾಮಾಗಿ ನಡೆಯುತ್ತೆ. ಸಾದಾ ಸೆಲ್ಲೂ ಬಳಸುತ್ತಾ ಬಳಸುತ್ತಾ ಅಷ್ಟಕ್ಕೆ, ಇನ್ನೂ ಕೆಳಗೂ ಇಳಿಯುತ್ತೆ ಅಲ್ವಾ? ಇಲ್ಲಿ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತೆ, ಅದಕ್ಕೆ ರಾತ್ರಿ ತಂಪಿನಲ್ಲೇ ಚಾರ್ಜ್ ಹಾಕಿ ಅಂತ ಕಾಕಾಗೆ ಹೇಳಿದ್ದೇನೆ.

ಲಿಥಿಯಂ ಸೆಲ್ಲುಗಳನ್ನು ಎಸೆದಿಲ್ಲ. ಅವ್ವನ ಬಿ.ಪಿ. ಮಷಿನ್‌ಗೆ ನಾಲ್ಕು ಬೇಕು. ನಿಕಲ್ ಹಾಕಿದರೆ 4.8 ವೋಲ್ಟ್ ನೋಡಿ ಅದು ಬೇಗ "ಬ್ಯಾಟರಿ ಲೋ" ಅನ್ನುತ್ತೆ. ಲಿಥಿಯಂ ಹಾಕಿದರೆ ಪೂರಾ 6 ವೋಲ್ಟ್. ಆದರೆ ಅದು ಕೊನೇವರೆಗೂ 1.5 ತೋರಿಸಿ ಒಮ್ಮೆಲೇ ನಿಂತುಬಿಡುತ್ತೆ, ಹಾಗಾಗಿ ತಿಂಗಳಿಗೊಮ್ಮೆ ಸುಮ್ನೆ ಚಾರ್ಜ್ ಮಾಡಿಡಬೇಕು.

ಮಾರುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಲಿಥಿಯಂ ಸೆಲ್ಲಿನ ಮೇಲೆ "3000" ಅಂತ ದಪ್ಪಕ್ಷರ, ಕೆಳಗೆ ಇರುವೆ ಗಾತ್ರದಲ್ಲಿ ಮಿಲಿವ್ಯಾಟ್ ಅವರ್, ಅಂದರೆ ಒಟ್ಟು ಶಕ್ತಿಯ ಲೆಕ್ಕ; ನಿಕಲ್ ಸೆಲ್ಲಿನ ಮೇಲಿರುವುದು ಮಿಲಿಆಂಪ್ ಅವರ್. 1.5ರಿಂದ ಭಾಗಿಸಿ, 2000 ಮಿಲಿಆಂಪ್ ಅವರ್ ಸಿಗುತ್ತೆ. 2000ದ ನಿಕಲ್ ಸೆಲ್ 1.2 ವೋಲ್ಟ್ ಲೆಕ್ಕದಲ್ಲಿ 2400 ಮಿಲಿವ್ಯಾಟ್ ಅವರ್ ಕೊಡುತ್ತೆ. ಅಂದರೆ ಲಿಥಿಯಂನಲ್ಲಿ ಜಾಸ್ತಿ ಇರುವುದು ಕಾಲು ಪಾಲು, ಒಂದೂವರೆ ಪಟ್ಟು ಅಲ್ಲ. ಇನ್ನು 4000 ಮಿಲಿಆಂಪ್ ಅವರ್ ಅಂತ ಬರೆದ ಅಗ್ಗದ ನಿಕಲ್ ಡಬಲ್ ಎ ಕಂಡರೆ ಮುಟ್ಟಲೇಬೇಡಿ. ಆ ಡಬ್ಬಿಯಲ್ಲಿ ಅಷ್ಟು ಹಿಡಿಯುವುದೇ ಇಲ್ಲ.

ಈಗ ಕಾಕಾನ ಬ್ಯಾಟರಿ ಸ್ಪ್ರೇ ಪಂಪ್ ಟೇಬಲ್ ಮೇಲೆ ಬಂದಿದೆ. ಅದರ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಬೆನ್ನು ಮುರಿಯುವ ಭಾರ. ನಾಲ್ಕು 32700 ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಸಾಲಾಗಿ ಜೋಡಿಸಿದರೆ 12.8 ವೋಲ್ಟ್, ಜೊತೆಗೆ ಒಂದು ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್). ಸೆಲ್ ಹುಬ್ಬಳ್ಳಿಯಿಂದ ತರಿಸುತ್ತೇನೆ. ಸೆಲ್ ಜೋಡಿಸುವ ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿಕೊಡುವವರು ಬಾಗಲಕೋಟೆ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ.