ದಾಖಲೆ ಪುಸ್ತಕದಲ್ಲಿ ಹೊಡೆದುಹಾಕಿದ ಒಂದು ‘ಆದ್ದರಿಂದ’

ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕನಾಗಿದ್ದಷ್ಟು ವರ್ಷವೂ ನಾನು ಸ್ಪಂಜು ಎಂಬ ಸರಳ ಜಲಪ್ರಾಣಿಗಳ ಪಾಠವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಪ್ರಥಮ ಪಿಯುಸಿ ಪಠ್ಯದಲ್ಲಿರುವಂತೆ, ಸ್ಪಂಜಿನ ಜೀವಕೋಶಗಳು ಸಡಿಲವಾದ ಗುಂಪುಗಳಾಗಿರುತ್ತವೆ, ಅದರ ದೇಹರಚನೆ ಕೋಶಮಟ್ಟದ್ದು, ಅಂಗಾಂಶ, ಅಂದರೆ ಹೆಣೆದುಕೊಂಡು ಒಟ್ಟಾಗಿ ಒಂದು ಕೆಲಸ ಮಾಡುವ ಕೋಶಗಳ ಸಮೂಹ, ಅದರಲ್ಲಿಲ್ಲ ಎಂದು ಹೇಳಿ, ಹೈಡ್ರಾದ ಚಿತ್ರ ಬರೆಯಲು ಬೋರ್ಡಿನತ್ತ ತಿರುಗುತ್ತಿದ್ದೆ. ಈಗ ಹೊರದೇಶದ ಪ್ರಯೋಗಾಲಯವೊಂದರಲ್ಲಿ ಸಿಹಿನೀರಿನ ಸ್ಪಂಜುಗಳನ್ನು ಬೆಳೆಸಿ ನೋಡಿಕೊಳ್ಳುವುದೇ ನನ್ನ ಕೆಲಸ. ಆ ಹತ್ತು ನಿಮಿಷದ ಪಾಠ ನನ್ನನ್ನು ಇಲ್ಲಿ ಹೇಗೆ ದಾರಿ ತಪ್ಪಿಸಿತು ಎಂಬುದನ್ನು ಬರೆಯುತ್ತಿದ್ದೇನೆ.

ನಾವು ಬೆಳೆಸುವ ಜಾತಿ ಎಫಿಡೇಷಿಯಾ ಮ್ಯುಲ್ಲೆರಿ. ಚಳಿಗಾಲವನ್ನು ದಾಟಲು ಇದು ಜೆಮ್ಯೂಲ್ ಎಂಬ, ಗಸಗಸೆಗಿಂತ ಸಣ್ಣದಾದ ಗುಂಡುಗಳನ್ನು ಮಾಡಿಡುತ್ತದೆ. ಅವುಗಳನ್ನು ಫ್ರಿಜ್ಜಿನ ಕತ್ತಲಲ್ಲಿ ತಿಂಗಳುಗಟ್ಟಲೆ ಇಡಬಹುದು. ಬೇಕಾದಾಗ ತೊಳೆದು, ಲವಣಗಳನ್ನು ಬೆರೆಸಿದ ನೀರಿನ ತಟ್ಟೆಗೆ ಹಾಕಿದರೆ ಕೆಲವೇ ದಿನಗಳಲ್ಲಿ ಗುಂಡಿನ ಕಿಂಡಿಯಿಂದ ಕೋಶಗಳು ತೆವಳಿ ಹೊರಬಂದು ಗಾಜಿಗೆ ಅಂಟಿಕೊಳ್ಳುತ್ತವೆ. ಒಂದು ವಾರದ ಹೊತ್ತಿಗೆ ಡೇರೆ ಹೊದಿಸಿದಂಥ ತೆಳ್ಳನೆಯ ಪೊರೆಯೂ ಅದರ ಮೇಲೆ ಚಿಮಣಿಯಂತೆ ಎದ್ದ, ನೀರು ಹೊರಹೋಗುವ ಕೊಳವೆಯೂ ಕಾಣುತ್ತವೆ. ಮಸಿಯ ಕಣಗಳು ಹೆಚ್ಚಾಗಿ ಒಳಗೆ ಹೋದರೆ ನರವೂ ಸ್ನಾಯುವೂ ಇಲ್ಲದ ಈ ಪ್ರಾಣಿ ತನ್ನ ಕಾಲುವೆಗಳನ್ನು ಮೊದಲು ಉಬ್ಬಿಸಿ, ಆಮೇಲೆ ಕುಗ್ಗಿಸಿ, ಕಸವನ್ನು ಹೊರಕ್ಕೆ ತಳ್ಳುತ್ತದೆ. ಇದೂ ಒಂದು ಬಗೆಯ ಸೀನುವಿಕೆಯೇ. ಮುಗಿಯಲು ಹತ್ತಾರು ನಿಮಿಷ ಬೇಕು, ಅಷ್ಟೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಈ ಹೊರಪೊರೆ ಪ್ರತಿದೀಪ್ತ (ಬೆಳಕು ಬಿದ್ದಾಗ ಹೊಳೆಯುವ) ಬಣ್ಣವನ್ನು ತಡೆಯುತ್ತದೆಯೇ ಎಂದು ನೋಡುವ ಕೆಲಸ ನನಗೆ ಬಂತು. ಆರು ತಟ್ಟೆಗಳಲ್ಲಿ ನಾಲ್ಕರಲ್ಲಿ ಬಣ್ಣ ಪೊರೆಯಡಿಗೆ ಸೋರಿತ್ತು. ‘ಸ್ಪಂಜಿಗೆ ಅಂಗಾಂಶವಿಲ್ಲ, ಆದ್ದರಿಂದ ಬಣ್ಣ ಒಳಹೊಕ್ಕಿದೆ’ ಎಂದು ದಾಖಲೆ ಪುಸ್ತಕದಲ್ಲಿ ಬರೆದು, ಉಳಿದ ಎರಡನ್ನು ಅಪವಾದವೆಂದು ಬದಿಗಿಟ್ಟೆ. ನಮ್ಮ ಹಿರಿಯ ಸಂಶೋಧಕಿ ಆ ವಾಕ್ಯದ ‘ಆದ್ದರಿಂದ’ ಎಂಬ ಪದವನ್ನು ಮಾತ್ರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ತಟ್ಟೆಗಳ ಅಂಚನ್ನು ನೋಡಲು ಹೇಳಿದರು. ಸೋರಿದ ನಾಲ್ಕರಲ್ಲಿಯೂ, ನೀರು ಬದಲಿಸುವಾಗ ನನ್ನ ಪಿಪೆಟ್ಟಿನ ರಭಸಕ್ಕೆ ಪೊರೆಯ ಅಂಚು ಗಾಜಿನಿಂದ ಎದ್ದು ಹರಿದುಹೋಗಿತ್ತು. ಅಂಚು ಕೂತಿದ್ದ ಎರಡರಲ್ಲಿ ಬಣ್ಣ ಹೊರಗೇ ನಿಂತಿತ್ತು. ನಮ್ಮ ಚರ್ಮವನ್ನು ಹೀಗೆ ಹರಿದು ಪರೀಕ್ಷಿಸಿದ್ದರೆ ನಮಗೂ ಅಂಗಾಂಶವಿಲ್ಲವೆಂದೇ ಬರೆಯುತ್ತಿದ್ದೆನೋ ಏನೋ!

ಆ ಸಂಜೆ ಓದಿದ್ದು ನನ್ನನ್ನು ಇನ್ನಷ್ಟು ತಗ್ಗಿಸಿತು. ಸಿಹಿನೀರಿನ ಸ್ಪಂಜಿನ ಹೊರಪೊರೆ ವಿದ್ಯುತ್ತಿಗೆ ಗಣನೀಯ ಪ್ರತಿರೋಧ ತೋರುತ್ತದೆ, ಅಂದರೆ ಒಳ-ಹೊರಗನ್ನು ನಿಜವಾಗಿ ಬೇರ್ಪಡಿಸುತ್ತದೆ ಎಂಬುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2010ರಲ್ಲೇ ಅಳೆದು ತೋರಿಸಿದ್ದರು. ಅದೇ ವರ್ಷ ಪ್ರಕಟವಾದ, ಆಸ್ಟ್ರೇಲಿಯಾದ ಹವಳದ ದಿಬ್ಬಗಳ ಆಂಫಿಮೆಡಾನ್ ಎಂಬ ಸ್ಪಂಜಿನ ಜೀನೋಮಿನಲ್ಲಿ (ಅದರ ಜೀನುಗಳ ಪೂರ್ಣ ಸಂಗ್ರಹದಲ್ಲಿ), ನಮ್ಮ ಕೋಶಗಳನ್ನು ಒಂದಕ್ಕೊಂದು ಹೆಣೆದಿಡುವ ಕ್ಯಾಡ್ಹೆರಿನ್ ಮತ್ತು ಕ್ಯಾಟೆನಿನ್ ಬಗೆಯ ಪ್ರೋಟೀನುಗಳ ಜೀನುಗಳು ಸಿಕ್ಕಿದ್ದವು. ಜೀನ್ ಇದೆ ಎಂದ ಮಾತ್ರಕ್ಕೆ ಅದು ಇಲ್ಲಿಯೂ ಅದೇ ಕೆಲಸ ಮಾಡುತ್ತದೆ ಎನ್ನಲಾಗದು. ಆದರೆ 2018ರಲ್ಲಿ ಡೆನ್ವರ್ ವಿಶ್ವವಿದ್ಯಾಲಯದವರು ನಮ್ಮ ಇದೇ ಎಫಿಡೇಷಿಯಾದಲ್ಲಿ ಕೋಶಗಳು ಕೂಡುವ ಜಾಗದಲ್ಲಿಯೇ ಬೀಟಾ-ಕ್ಯಾಟೆನಿನ್ ಇರುವುದನ್ನು ಕಂಡರು. ಅಂಗಾಂಶಕ್ಕೆ ಅಡಿಹಾಸಿನಂತಿರುವ, ನಾಲ್ಕನೆಯ ಬಗೆಯ ಕೊಲ್ಲಾಜನ್ ಎಂಬ ಪ್ರೋಟೀನು ಇರುವ ಆಧಾರಪೊರೆ ಮಾತ್ರ ಎಲ್ಲ ಸ್ಪಂಜುಗಳಲ್ಲಿ ಕಾಣುವುದಿಲ್ಲ. ಆಸ್ಕರೆಲ್ಲಾ ಎಂಬ ಸ್ಪಂಜು ಸೇರಿದ ಹೋಮೊಸ್ಕ್ಲೆರೊಮಾರ್ಫ ಗುಂಪಿನಲ್ಲಿ ಅದು ಸ್ಪಷ್ಟವಾಗಿದೆ. ಹೀಗೆ ಅಂಟಿಕೊಳ್ಳುವುದು, ಮುಚ್ಚುವುದು, ಅಡಿಹಾಸು ಹಾಕುವುದು ಎಂದು ಬಿಡಿಸಿ ಕೇಳಿದರೆ ಒಂದೊಂದಕ್ಕೂ ಬೇರೆ ಉತ್ತರ ಬರುತ್ತದೆ. ಅಂಗಾಂಶ ಇದೆಯೋ ಇಲ್ಲವೋ ಎಂದಷ್ಟೇ ಕೇಳಿದರೆ ಇವೆಲ್ಲ ಮರೆಯಾಗುತ್ತವೆ.

ತರಗತಿಯಲ್ಲಿ ನಾನು ಮೆಚ್ಚಿ ಹೇಳುತ್ತಿದ್ದ ಉದಾಹರಣೆಯೂ ನನಗೆ ಕೈಕೊಟ್ಟಿತು. 1907ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಚ್. ವಿ. ವಿಲ್ಸನ್ ಸ್ಪಂಜನ್ನು ತೆಳು ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಬಿಡಿಬಿಡಿ ಕೋಶಗಳನ್ನಾಗಿಸಿದಾಗ ಅವು ಮತ್ತೆ ಕೂಡಿ ಹೊಸ ಸ್ಪಂಜಾದವು. ಕೋಶಗಳು ಎಷ್ಟು ಸಡಿಲ ನೋಡಿ ಎಂದು ಹೇಳಲು ನಾನಿದನ್ನು ಬಳಸುತ್ತಿದ್ದೆ. ಆದರೆ 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಎಂಬ ಜೀವಶಾಸ್ತ್ರಜ್ಞರು ಕಪ್ಪೆಯಂಥ ಉಭಯಚರಗಳ ಭ್ರೂಣದ ಕೋಶಗಳನ್ನು ಬಿಡಿಸಿ ಬೆರೆಸಿದಾಗ ಅವೂ ಮತ್ತೆ ಕೂಡಿ, ಬೇರ್ಪಟ್ಟು, ಪದರಗಳಾಗಿ ಜೋಡಣೆಗೊಂಡವು. ಅಷ್ಟಕ್ಕೇ ಕಪ್ಪೆಗೆ ಅಂಗಾಂಶವಿಲ್ಲ ಎಂದು ಯಾರೂ ಹೇಳಲಿಲ್ಲ.

ಇಷ್ಟಾದರೂ ಸ್ಪಂಜು ನಮ್ಮ ಪೂರ್ವಜನಲ್ಲ, ನಮ್ಮಷ್ಟೇ ಕಾಲ ವಿಕಾಸಗೊಂಡು ಬಂದ ದೂರದ ಬಂಧು. ಪ್ರಾಣಿಗಳ ವಂಶವೃಕ್ಷದಲ್ಲಿ ಮೊದಲು ಕವಲೊಡೆದದ್ದು ಸ್ಪಂಜೋ, ನರ-ಸ್ನಾಯುಗಳಿರುವ ಬಾಚಣಿಕೆ ಜೆಲ್ಲಿ ಎಂಬ ಸಮುದ್ರಪ್ರಾಣಿಯೋ ಎಂಬ ವಾದವೂ ನಡೆದಿದೆ. ಜೆಲ್ಲಿಯೇ ಮೊದಲಾಗಿದ್ದರೆ ಸ್ಪಂಜಿನ ಸರಳತೆ ಮೂಲದ್ದಲ್ಲ, ಇದ್ದದ್ದನ್ನು ಕಳೆದುಕೊಂಡು ಬಂದದ್ದು ಎಂದೂ ಆಗಬಹುದು. ಸ್ಪಂಜು ಮತ್ತು ಮನುಷ್ಯರಲ್ಲಿ ಸಮಾನವಾಗಿ ಸಿಗುವ ಹೆಣಿಗೆಯ ಪ್ರೋಟೀನುಗಳು ಮಾತ್ರ ಇಬ್ಬರ ಸಾಮಾನ್ಯ ಪೂರ್ವಜನಲ್ಲೂ ಇದ್ದಿರಬೇಕು ಎಂಬುದು ನನಗೆ ಸರಿಯೆನಿಸುತ್ತದೆ.

ಈಗ ನಾನು ತಟ್ಟೆಯ ನೀರನ್ನು ಅರ್ಧ ಮಾತ್ರ, ಅದೂ ಗೋಡೆಯ ಬದಿಯಿಂದ, ನಿಧಾನವಾಗಿ ಬದಲಿಸುತ್ತೇನೆ. ಬಣ್ಣ ಹಾಕುವ ಮೊದಲು ಪ್ರತಿಯೊಂದರ ಅಂಚನ್ನೂ ಸೂಕ್ಷ್ಮದರ್ಶಕದಲ್ಲಿ ಸುತ್ತು ಹಾಕಿ ನೋಡಿ, ಹರಿದಿದ್ದರೆ ಆ ತಟ್ಟೆಯ ಸಂಖ್ಯೆಯ ಮುಂದೆ ‘ಅಂಚು ಎದ್ದಿದೆ’ ಎಂದಷ್ಟೇ ಬರೆಯುತ್ತೇನೆ.