ಕಾಂಪೌಂಡಿನ ಹೊರಗೊಂದು ಜಗಲಿ

"ಕಾಂಪೌಂಡು ಐದಡಿಗೆ ನಿಲ್ಲಿಸ್ಲಾ, ಆರಡಿ ಎತ್ಲಾ ಸಾರ್?" ಮೇಸ್ತ್ರಿ ಕೇಳುತ್ತಿದ್ದರು. ನನ್ನ ಕಣ್ಣು ರಸ್ತೆಯ ಕಡೆಗಿತ್ತು. ಮಿಕ್ಕಿದ್ದ ಸೈಜುಗಲ್ಲುಗಳ ಮೇಲೆ ಅಮ್ಮ ಕೂತಿದ್ದರು. ಪಕ್ಕದಲ್ಲಿ ಪುಟ್ಟಿ ಇಳಿಸಿಕೊಂಡ ಸೊಪ್ಪಿನವರು, ಕಂಕುಳಲ್ಲಿ ಮಗು ಎತ್ತಿಕೊಂಡ ಎದುರು ಮನೆಯ ಸೊಸೆ. ಹಾಸನದ ಸಾಲಗಾಮೆ ರಸ್ತೆ ಕಡೆಯ ಈ ಬಡಾವಣೆಗೆ ಬಂದು ಎಂಟು ತಿಂಗಳಾದರೂ ಎದುರು ಮನೆಯವರ ದನಿ ನಾನು ಕೇಳಿದ್ದು ಅವತ್ತೇ.

ಹಾಸನಾಂಬ ಗುಡಿ ಹತ್ತಿರದ ನಮ್ಮ ಹಳೇ ಬೀದಿಯಲ್ಲಿ ಹಂಚಿನ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದವು. ಮನೆಮನೆಗೂ ಕೆಂಪು ಗಾರೆಯ ಜಗಲಿ. ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ ಗುಡಿಯ ಬಾಗಿಲು ತೆಗೆದಾಗ, ಸಾಲಲ್ಲಿ ನಿಂತು ಸೋತವರು ಬಂದು ಕೂರುತ್ತಿದ್ದರು. ಅಮ್ಮ ಬಿಂದಿಗೆಯಲ್ಲಿ ನೀರು ತಂದಿಡುತ್ತಿದ್ದರು. ಮಿಕ್ಕ ದಿನ ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ನಾಲ್ಕು ಮನೆಯ ಸುಖದುಃಖ, ಎಲ್ಲ ಅಲ್ಲೇ.

ನಕ್ಷೆ ಬರೆಯುವುದು ನನ್ನ ಕಸುಬು. ರಸ್ತೆ, ಉದ್ಯಾನ, ಸಾರ್ವಜನಿಕ ಸೌಲಭ್ಯಕ್ಕೆಂದು ಬಿಡುವ ಸಿ.ಎ. ಸೈಟು ಎಲ್ಲಕ್ಕೂ ಒಂದೊಂದು ಬಣ್ಣ ತುಂಬುತ್ತೇವೆ. ಬಾಗಿಲಿಗೂ ಬೀದಿಗೂ ನಡುವೆ ಕೂತು ಮಾತಾಡುವ ಎರಡಡಿ ಜಾಗಕ್ಕೆ ಬಣ್ಣವೇ ಇಲ್ಲ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳ ಮೇಲೆ 1972ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿದ್ದೆ. ದಿನಕ್ಕೆ 2,000 ವಾಹನ ಓಡಾಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. 16,000 ವಾಹನ ಹಾಯುವ ಬೀದಿಯಲ್ಲಿ ಒಬ್ಬರೂ ಪೂರ್ತಿ ಇಲ್ಲ. ವಾಹನ ಕಡಿಮೆ ಇದ್ದಲ್ಲಿ ಜನ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು, ಹೆಚ್ಚಿದ್ದಲ್ಲಿ ಒಳಗೆ ಸರಿದುಬಿಟ್ಟಿದ್ದರು. ನಮ್ಮ ಬಡಾವಣೆಯಲ್ಲಿ ವಾಹನಗಳ ಕಾಟವಿಲ್ಲ. ಗೋಡೆಗಳೇ ಆ ಕೆಲಸ ಮಾಡುತ್ತಿವೆ. ಇಷ್ಟೆಲ್ಲ ಗೊತ್ತಿದ್ದೂ ಆರಡಿ ಕಾಂಪೌಂಡಿನ ನಕ್ಷೆಯನ್ನು ನನ್ನ ಕೈಯಲ್ಲೇ ಬರೆದಿದ್ದೆನಲ್ಲ ಎಂದು ಹೊಟ್ಟೆ ಉರಿಯಿತು.

"ಮೂರಡಿ ಸಾಕು. ಗೇಟಿನ ಈ ಮಗ್ಗುಲಲ್ಲಿ ಗೋಡೆ ಎರಡಡಿ ಒಳಕ್ಕೆ ತಗೊಳ್ಳಿ, ಹೊರಗೆ ಚಪ್ಪಡಿ ಹಾಸೋಣ."

"ಮೂವತ್ತು ನಲವತ್ತರ ಸೈಟು ಸಾರ್, ಜಾಗ ಹೋಯ್ತದೆ."

"ಹೋಗಲಿ. ಚರಂಡಿ ಮೇಲೆ ಮಾತ್ರ ಬರಬಾರದು."

ಮೇಸ್ತ್ರಿ ನೂಲು ಬಿಚ್ಚಿ ಮತ್ತೆ ಕಟ್ಟಿದರು. ಅಮ್ಮ ಎದ್ದು ಬಂದು ತಮ್ಮ ಮೊಣಕಾಲಿಗೆ ಅಂಗೈ ಹಿಡಿದು ಎತ್ತರ ತೋರಿಸಿದರು. "ಇಷ್ಟಿರಲಿ ಕಣಪ್ಪ. ತಗ್ಗಾದ್ರೆ ನಂಗೆ ಏಳಕ್ಕಾಗಲ್ಲ, ಇವಳಿಗೆ ಪುಟ್ಟಿ ಇಳಿಸಕ್ಕಾಗಲ್ಲ."