ಕುದುರೆಯ ಕಿವಿ ನೋಡಿ ಗುಂಡು ಹಾರಿಸುವವರು

ಅಮೆರಿಕದ ಅರಿಜೋನಾಕ್ಕೆ ಬಂದು ನೆಲೆಸಿದ ಮೇಲೆ ನನ್ನ ವಾರಾಂತ್ಯಗಳನ್ನೆಲ್ಲ ಆಕ್ರಮಿಸಿಕೊಂಡದ್ದು ಕೌಬಾಯ್ ಮೌಂಟೆಡ್ ಶೂಟಿಂಗ್. ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುತ್ತಲೇ ಬಲೂನುಗಳನ್ನು ಹೊಡೆಯುವ ಆಟ. 1990ರ ದಶಕದ ಆರಂಭದಲ್ಲಿ ಜಿಮ್ ರಾಜರ್ಸ್ ಎಂಬವರು ಇದೇ ರಾಜ್ಯದಲ್ಲಿ ಶುರುಮಾಡಿದ್ದು, ಈಗ ದೇಶದ ತುಂಬ ಕ್ಲಬ್ಬುಗಳಿವೆ. ಸವಾರರ ಸೊಂಟದಲ್ಲಿ ಹಳೇ ಮಾದರಿಯ ಎರಡು .45 ರಿವಾಲ್ವರ್, ಒಂದೊಂದರಲ್ಲೂ ಐದೈದು ತೋಟಾ. ಕಂಬಗಳ ಮೇಲೆ 10 ಬಲೂನು. ಪ್ರತಿ ಸಲವೂ ಹೆಬ್ಬೆರಳಿನಿಂದ ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಹಿಂಬದಿಯ ಕೊಕ್ಕೆ) ಎಳೆದೇ ಹೊಡೆಯಬೇಕು. ಐದು ಮುಗಿದೊಡನೆ ಮೊದಲ ರಿವಾಲ್ವರನ್ನು ಒರೆಗೆ ಸೇರಿಸಿ, ಇನ್ನೊಂದನ್ನು ಸೆಳೆದು ಉಳಿದ ಐದನ್ನು ಒಡೆಯಬೇಕು. ತಪ್ಪಿದ ಒಂದೊಂದಕ್ಕೂ 5 ಸೆಕೆಂಡು ದಂಡ.

ಫೋಟೊ ಕಳಿಸಿದಾಗಲೆಲ್ಲ ಊರಿನವರ ಪ್ರಶ್ನೆ ಒಂದೇ: ಯಾರಿಗಾದರೂ ಗುಂಡು ತಾಗಿದರೆ? ತೋಟಾದೊಳಗೆ ಗುಂಡೇ ಇರುವುದಿಲ್ಲ, ಕರಿಮದ್ದು ಮಾತ್ರ. ಉರಿಯುತ್ತ ಚಿಮ್ಮುವ ಮದ್ದಿನ ಕಿಡಿಗಳೇ ಬಲೂನನ್ನು ಒಡೆಯುತ್ತವೆ, ಹೆಚ್ಚೆಂದರೆ 15-20 ಅಡಿಯೊಳಗೆ ಆರಿಹೋಗುತ್ತವೆ. ನಿಜವಾದ ಗುಂಡಿಗೆ ಅಂಕಣದಲ್ಲಿ ಕಟ್ಟುನಿಟ್ಟಿನ ನಿಷೇಧ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಎಲೆ ಅಲುಗಿದರೂ ಬೆಚ್ಚುವ ಪ್ರಾಣಿ ತನ್ನ ಬೆನ್ನ ಮೇಲೆಯೇ ಸಿಡಿಯುವ ಸದ್ದನ್ನು ತಾಳಿಕೊಳ್ಳುವುದಾದರೂ ಹೇಗೆ?

ಮೊದಲು ಓಡು, ಆಮೇಲೆ ತಿರುಗಿ ನೋಡು ಎನ್ನುವುದು ಕುದುರೆಯ ಜಾಯಮಾನ. ಕಿವಿಯೂ ಬಲು ಚುರುಕು. ನಮಗೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ಅದಕ್ಕೆ 33,000ದವರೆಗೂ ಕೇಳಿಸುತ್ತದೆ. ಹಾಗಾಗಿ ನಾನು ಹೋಗುವ ಲಾಯದ ತರಬೇತುದಾರೆ ರಿವಾಲ್ವರ್ ಹೊರತೆಗೆಯುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಕುದುರೆ ಒಂದೇ ಕೈಯ ಲಗಾಮಿಗೆ ತಿರುಗಬೇಕು, ನಿಲ್ಲಬೇಕು. ಇನ್ನೊಂದು ಕೈ ಹೊಡೆಯಲು ಬೇಕಲ್ಲ. ಆಮೇಲೆ ಬಲೂನಿನ ಪರಿಚಯ. ಗಾಳಿಗೆ ತೊನೆದಾಡುವ ಬಲೂನಿಗೇ ಸದ್ದಿಗಿಂತ ಹೆಚ್ಚು ಹೆದರುವ ಕುದುರೆಗಳಿವೆ. ಸದ್ದಿನ ಪಾಠ ಶುರುವಾಗುವುದು ದೂರದಿಂದ, ಮಕ್ಕಳ ಪಟಾಕಿ ಪಿಸ್ತೂಲಿನಿಂದ. ಸದ್ದು ಮಾಡುವವರು ಕುದುರೆಯತ್ತ ಬರುವುದಿಲ್ಲ, ಅದರಿಂದ ದೂರ ನಡೆಯುತ್ತಾರೆ. ಕುದುರೆಯನ್ನು ಅವರ ಹಿಂದೆ ನಡೆಸುತ್ತಾರೆ. ಸದ್ದೇ ತನ್ನಿಂದ ತಪ್ಪಿಸಿಕೊಂಡು ಹೋಗುತ್ತಿದೆ ಅನ್ನಿಸಿದರೆ ಹೆದರಿಕೆ ಇಳಿದು ಕುತೂಹಲ ಹುಟ್ಟುತ್ತದೆ. ಜೊತೆಗೆ ಪಳಗಿದ ಹಳೇ ಕುದುರೆಯೊಂದು ಪಕ್ಕದಲ್ಲಿ ಹುಲ್ಲು ಮೇಯುತ್ತಿದ್ದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ.

ಕಳೆದ ಚಳಿಗಾಲದಲ್ಲಿ ಒಂದು ಕಂದು ಹೆಣ್ಣುಕುದುರೆಯ ಪಾಠವನ್ನು ಹತ್ತಿರದಿಂದ ಕಂಡೆ. ಸದ್ದು ಕೇಳಿದೊಡನೆ ಅದರ ಕತ್ತು ಸೆಟೆಯಿತು, ಹೊಳ್ಳೆಗಳು ಅರಳಿದವು, ಎರಡೂ ಕಿವಿಗಳು ಆ ದಿಕ್ಕಿಗೆ ನೆಟ್ಟುಕೊಂಡವು. ತರಬೇತುದಾರೆ ಇನ್ನೊಂದು ಸದ್ದಿಗೆ ಸನ್ನೆ ಮಾಡಲಿಲ್ಲ, ಸುಮ್ಮನೆ ಕಾದರು. ಸ್ವಲ್ಪ ಹೊತ್ತಿಗೆ ಒಂದು ಕಿವಿ ಅವರತ್ತ ತಿರುಗಿತು. ತಲೆ ತಗ್ಗಿತು, ಕುದುರೆ ಬಾಯಾಡಿಸಿ ತುಟಿ ಸವರಿಕೊಂಡಿತು. "ಇವತ್ತಿಗೆ ಸಾಕು" ಎಂದವರೇ ಕುತ್ತಿಗೆ ತಟ್ಟಿ ಲಾಯಕ್ಕೆ ಕರೆದೊಯ್ದರು.

ಕುದುರೆಯನ್ನು ಕಟ್ಟಿಹಾಕಿ, ಅದು ಒದ್ದಾಡುವುದನ್ನು ನಿಲ್ಲಿಸುವವರೆಗೂ ಸದ್ದು ಮಾಡುವವರೂ ಇದ್ದಾರೆ. ನನಗದು ಸುತರಾಂ ಒಪ್ಪಿಗೆಯಿಲ್ಲ. ಹಾಗೆ ನಿಂತ ಕುದುರೆ ಧೈರ್ಯ ತಂದುಕೊಂಡಿರುವುದಿಲ್ಲ, ಕೈಚೆಲ್ಲಿರುತ್ತದೆ. ಕಣ್ಣು ಮಂಕಾಗಿ, ಮೈ ಬಿಗಿದಿರುತ್ತದೆ. ಅಂಥ ಕುದುರೆ ಎಂದೋ ಒಂದು ದಿನ, ಸವಾರ ಮೇಲಿರುವಾಗಲೇ, ಒಮ್ಮೆಗೇ ಸಿಡಿದೇಳಬಹುದು. ನಮ್ಮ ಮೈಸೂರಿನಲ್ಲೂ ದಸರಾಕ್ಕೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಒಂದೇ ದಿನಕ್ಕೆ ಮುಗಿಯುವುದಿಲ್ಲವಲ್ಲ!

ಸವಾರಿಯಲ್ಲಿ ಹೊಡೆಯುವ ಹಂತಕ್ಕೆ ಬಂದ ಮೇಲೂ ಆತುರಕ್ಕೆ ಜಾಗವಿಲ್ಲ. ಕುದುರೆಯ ಕಿವಿಗೆ ಮೆತ್ತನೆಯ ಬಿರಡೆ, ತೋಟಾದಲ್ಲಿ ಕಡಿಮೆ ಮದ್ದು. ಮೊದಲು ನಿಂತಲ್ಲೇ, ಆಮೇಲೆ ನಡಿಗೆಯಲ್ಲಿ, ದೌಡು ಎಷ್ಟೋ ಕಾಲದ ನಂತರ. ರಿವಾಲ್ವರಿನ ಬಾಯಿ ಯಾವಾಗಲೂ ಪಕ್ಕಕ್ಕೆ ಚಾಚಿರಬೇಕು, ಕಿವಿಗಳ ನಡುವಿನಿಂದಾಗಲಿ ತಲೆಯ ಮೇಲಿನಿಂದಾಗಲಿ ಹೊಡೆಯಲೇಬಾರದು. ಕಿವಿಯ ಬಳಿ ಸಿಡಿದ ಒಂದೇ ಒಂದು ತೋಟಾ ತಿಂಗಳುಗಳ ಶ್ರಮವನ್ನು ಮಣ್ಣುಪಾಲು ಮಾಡುತ್ತದೆ. ಇಷ್ಟೆಲ್ಲ ಮಾಡಿದರೂ ಒಗ್ಗಿಕೊಳ್ಳದ ಕುದುರೆಗಳಿರುತ್ತವೆ. ಅವುಗಳಿಗೆ ಬೇರೆ ಕೆಲಸ ಹುಡುಕುವುದೇ ಸರಿ ಎನ್ನುತ್ತಾರೆ ನಮ್ಮ ತರಬೇತುದಾರೆ, ಮಾಲೀಕರು ಎಷ್ಟೇ ಒತ್ತಾಯಿಸಲಿ.

ಪಳಗಿದ ಕುದುರೆಯ ಕಷ್ಟ ಇನ್ನೊಂದು ಬಗೆಯದು. ಬಲೂನು ಕಂಡರೆ ಓಟ, ಸದ್ದು ಎಂದು ಅದಕ್ಕೆ ಗೊತ್ತಾಗಿಬಿಡುತ್ತದೆ. ಅಂಕಣದ ಬಾಗಿಲಲ್ಲೇ ಲಗಾಮು ಜಗ್ಗಿ ಕುಣಿಯತೊಡಗುತ್ತದೆ. ಅದಕ್ಕೇ ಇಲ್ಲಿನ ಒಳ್ಳೆಯ ಸವಾರರು ಅಭ್ಯಾಸದ ದಿನಗಳಲ್ಲಿ ಮದ್ದನ್ನೇ ತರುವುದಿಲ್ಲ. ಸ್ಪರ್ಧೆಯ ದಾರಿಯಲ್ಲೇ, ಬಲೂನುಗಳ ಪಕ್ಕದಲ್ಲೇ, ಕುದುರೆಯನ್ನು ನಿಧಾನವಾಗಿ ನಡೆಸುತ್ತಾರೆ, ನಡುವೆ ನಿಲ್ಲಿಸಿ ಮೈದಡವುತ್ತಾರೆ. ಹೊಡೆಯುವುದಕ್ಕಿಂತ ಹೆಚ್ಚು ಹೊತ್ತು ಹೋಗುವುದು ಇದಕ್ಕೇ.